ಸೋದರಮಾವನ ಜ್ವರ

ನವೆಂಬರ್ 7, ಶುಕ್ರವಾರ

ದೀಪಿಕಾಳ ಲಗ್ನಪತ್ರಿಕೆ ಇವತ್ತು ಮಷಿನ್ನಿನಿಂದ ಇಳಿಯಿತು. ಚಳ್ಳಕೆರೆಯಲ್ಲಿ ಪ್ರೆಸ್ಸು ಹಾಕಿದಾಗಿನಿಂದ ನಾನು ಅಚ್ಚು ಹಾಕಿದ್ದು ಎರಡೇ ಬಗೆಯ ಸಾಹಿತ್ಯ: ಮದುವೆ ಪತ್ರಿಕೆ ಮತ್ತು ಕಡಲೆಕಾಯಿ ಎಣ್ಣೆ ಡಬ್ಬಿಯ ಲೇಬಲ್ಲು. ಎರಡರಲ್ಲೂ ಹೊಗಳಿಕೆ ಜಾಸ್ತಿ, ತಪಾಸಣೆ ಕಡಿಮೆ.

ಈ ಪತ್ರಿಕೆ ಮಾತ್ರ ಸ್ವಂತ ಅಕ್ಕನ ಮಗಳದ್ದು. ಹುಡುಗ ಮಲ್ಲಿಕ್, ಕುದಾಪುರದ ಕ್ಯಾಂಪಸ್ಸೊಂದರಲ್ಲಿ ಕೆಲಸ. ಮದುವೆ ಮೂವತ್ತನೇ ತಾರೀಖು, ಅಕ್ಕನ ಊರು ಮೊಳಕಾಲ್ಮೂರಿನಲ್ಲಿ. ಪತ್ರಿಕೆಯ ಕೊನೆಯಲ್ಲಿ ಹಾಕಲೆಂದು ಎರಡು ಸಾಲು ಹೊಸೆದಿದ್ದೆ:

ಉಡುಗೊರೆ ತರಬೇಡಿ, ಹಾರೈಕೆಯೊಂದೇ ಸಾಕು;
ಕೆಮ್ಮಿದ್ದರೆ ದಯಮಾಡಿ ಬಾಗಿಲಿಂದಲೇ ಅಕ್ಷತೆ ಹಾಕು.

ಪ್ರಾಸಕ್ಕಾಗಿ ಬಹುವಚನವನ್ನು ಬಲಿ ಕೊಟ್ಟದ್ದು ನಿಜ. ಮಷಿನ್ ನೋಡಿಕೊಳ್ಳುವ ಗಂಗರಾಜು ಓದಿ, "ಅಣ್ಣ, ಇದನ್ನ ಹಾಕಿದ್ರೆ ವಾಲಗದೋರೂ ಬರಲ್ಲ" ಅಂದ. ತೆಗೆದುಬಿಟ್ಟೆ.

ತಮಾಷೆ ಅವನಿಗೆ, ನನಗಲ್ಲ. ಹೋದ ವರ್ಷ ನೆಂಟರ ಗೃಹಪ್ರವೇಶದಲ್ಲಿ ಯಾರೋ ಜ್ವರದ ಮಾತ್ರೆ ನುಂಗಿ, ನಗುನಗುತ್ತಾ ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. ಮೂರನೇ ದಿನ ನನಗೆ ಜ್ವರ. ಮೊದಲೇ ಸಕ್ಕರೆ ಕಾಯಿಲೆಯವನು; ಜ್ವರದ ಹಿಂದೆಯೇ ಸಕ್ಕರೆ ಏರಿ, ರಕ್ತವೇ ಹುಳಿಯಾಗಿದೆ ಎಂದು ದಾವಣಗೆರೆಯಲ್ಲಿ ಐಸಿಯು ಸೇರಿಸಿದರು. ಪಕ್ಕದ ಮಂಚದವರದ್ದೂ ಅದೇ ಕತೆ. ಬೆಳಿಗ್ಗೆ ನೋಡಿದರೆ ಆ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸುತ್ತಿದ್ದರು. ಅವತ್ತಿನಿಂದ ಯಾರು ಎಲ್ಲಿ ಕೆಮ್ಮಿದರೂ ನನ್ನ ಕಿವಿ ಮೊದಲು ಎದ್ದು ನಿಲ್ಲುತ್ತದೆ.

ಈಗ ಭೂಮದ ಊಟ. ಒಂದೇ ದೊಡ್ಡ ಹರಿವಾಣ, ಅದರಲ್ಲಿ ಅನ್ನ, ತುಪ್ಪ, ಹೋಳಿಗೆ, ಹಾಲು. ಸುತ್ತ ಮದುಮಕ್ಕಳೂ ಎರಡೂ ಕಡೆಯ ಹತ್ತಿರದ ನೆಂಟರೂ ಕೂತು, ಒಂದೇ ಅನ್ನಕ್ಕೆ ಎಲ್ಲರೂ ಕೈ ಹಾಕುವುದು. ನಮ್ಮ ಮನೆತನದಲ್ಲಿ ಹುಡುಗಿಯ ಸೋದರಮಾವ ಕೂತು ಮೊದಲ ತುತ್ತು ತೆಗೆಯದೆ ಬೇರೆ ಯಾರೂ ಕೈ ಹಾಕುವಂತಿಲ್ಲ. ದೀಪಿಕಾಳಿಗೆ ಇರುವವನು ಒಬ್ಬನೇ ಸೋದರಮಾವ.

ನವೆಂಬರ್ 10, ಸೋಮವಾರ

ಫ್ಲೂ ಸೂಜಿ ಹಾಕಿಸಿಕೊಂಡು ಬಂದೆ. ತೋಳಿಗೆ ಸೂಜಿ, ಜ್ವರದ ಜೊತೆ ರಾಜಿ.

ಡಾಕ್ಟರು ಹೇಳಿದ್ದು: ಸೂಜಿ ಹಾಕಿಸಿದ ಮಾತ್ರಕ್ಕೆ ಬರುವುದೇ ಇಲ್ಲ ಅಂತಲ್ಲ, ಬಂದರೂ ಜೋರಾಗಿ ಬರುವುದಿಲ್ಲ. ಮಾಸ್ಕ್ ಹಾಕಿ, ಕಿಟಕಿ ಬದಿಗೆ ಕೂತುಕೊಳ್ಳಿ, ಕೈ ತೊಳೆಯಿರಿ, ಹುಷಾರಿಲ್ಲದವರಿಂದ ದೂರ ಇರಿ. ಆಮೇಲೆ, "ನಿಮ್ಮ ತಾಯಿಯವರಿಗೂ ಶುಗರ್ ಅಲ್ವಾ? ಅವರಿಗೂ ಹಾಕ್ಸಿ" ಅಂದರು.

ಅವ್ವ ನಿಶ್ಚಿತಾರ್ಥದಿಂದ ಈಚೆಗೆ ಮೊಳಕಾಲ್ಮೂರಿನ ಅಕ್ಕನ ಮನೆಯಲ್ಲೇ ಇದ್ದಾಳೆ. ಹೋದಾಗ ಹೇಳಬೇಕು.

ನವೆಂಬರ್ 16, ಭಾನುವಾರ

ಪತ್ರಿಕೆಗಳ ಕಟ್ಟನ್ನು ಓಮ್ನಿಯಲ್ಲಿ ಹಾಕಿಕೊಂಡು ನಾನೂ ನನ್ನ ಹೆಂಡತಿ ಮಾಲಾನೂ ಮೊಳಕಾಲ್ಮೂರಿಗೆ ಹೋಗಿ ಬಂದೆವು. ಭಾವ ಶಾಂತವೀರಪ್ಪನವರು ರೇಷ್ಮೆ ಸೀರೆಗಳ ಮಧ್ಯೆ ಕೂತು ಟವೆಲ್ಲಿನೊಳಗೆ ಕೆಮ್ಮುತ್ತಿದ್ದರು. ಭಾವನ ಗಂಟಲಿನಲ್ಲಿ ಕೆಮ್ಮು, ನನ್ನ ಎದೆಯಲ್ಲಿ ಝುಮ್ಮು.

"ಏನ್ ಭಾವ, ಕೆಮ್ಮು?"

"ಧೂಳು ಕಣ್ಲೇ. ಏಂ ಕಾದು."

ಏನೂ ಆಗಲ್ಲ ಎನ್ನುವುದನ್ನು ಭಾವ ಯಾವಾಗಲೂ ತೆಲುಗಿನಲ್ಲೇ ಹೇಳುವುದು. ಕನ್ನಡದಲ್ಲಿ ಹೇಳಿದರೆ ನಾನು ನಂಬುವುದಿಲ್ಲ ಎಂದು ಅವರಿಗೆ ಗೊತ್ತು. ನಾನು ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡೆ.

"ಯಾಕೋ ಅಲ್ಲಿಗೆ ಹೋಗಿ ಕೂತೆ? ನಾವೇನು ಕಚ್ತೀವಾ?" ಅಕ್ಕ ಕಾಫಿ ತಂದಳು. ಸರ್ವಮಂಗಳ ಎಂದು ಹೆಸರು, ಆದರೆ ಮಾತು ಮಾತ್ರ ಮಂಗಳಾರತಿ.

ಅಡುಗೆಮನೆಗೆ ಹೋಗಿ ವಿಷಯ ಎತ್ತಿದೆ. ಭೂಮಕ್ಕೆ ಕೂರುತ್ತೇನೆ, ಮೊದಲ ತುತ್ತೂ ತೆಗೆಯುತ್ತೇನೆ, ಆದರೆ ನನ್ನ ಪಾಲನ್ನು ಎಲ್ಲರೂ ಕೈ ಹಾಕುವ ಮೊದಲೇ ಬೇರೆ ತಟ್ಟೆಗೆ ಬಡಿಸಿಬಿಡಿ, ಒಂದು ಚಮಚ ಕೊಡಿ.

"ಭೂಮಕ್ಕೆ ಚಮಚ ತಗೊಂಡು ಕೂರೋ ಸೋದರಮಾವನ್ನ ನಾನಂತೂ ಕಂಡಿಲ್ಲ ಕಣಪ್ಪ."

"ಅಕ್ಕ, ಸಕ್ಕರೆ ಕಾಯಿಲೆ ಇದ್ದೋರಿಗೆ ಜ್ವರ ಬಂದ್ರೆ..."

ಅಕ್ಕ ಅಡುಗೆಮನೆ ಬಾಗಿಲು ಮುಂದೆ ಮಾಡಿದಳು. "ಮೆಲ್ಲಗೆ ಮಾತಾಡು. ಬೀಗ್ರ ಕಡೆಯೋರು ಹೊರಗೆ ಕೂತವ್ರೆ. ಅವ್ವನಿಗೆ ಐತೆ, ನಿನಗೆ ಐತೆ, ನಾಳೆ ಹುಡುಗಿಗೂ ಬರ್ತೈತೆ ಅಂತ ಅವರು ಎತ್ತಿದ್ರೆ? ಅವರ ಮನೇಲಿ ಎಲ್ಲಾ ಓದ್ಕೊಂಡಿರೋರು. ಮದುವೆ ಮುಗಿಯೋ ತನಕ ಈ ಮನೇಲಿ ಆ ಕಾಯಿಲೆ ಹೆಸರು ಬೇಡ."

ಅವ್ವ ನಡುಮನೆಯಲ್ಲಿ ಬೀಗಿತ್ತಿಯ ಪಕ್ಕದಲ್ಲೇ ಕೂತಿದ್ದಳು. ಹೀಗಾಗಿ ಅವಳ ಸೂಜಿಯ ಮಾತು ಎತ್ತಲಾಗಲಿಲ್ಲ. ಮದುವೆ ಮುಗಿಯಲಿ.

ನವೆಂಬರ್ 20, ಗುರುವಾರ

ಊರೆಲ್ಲ ಜ್ವರ. ಗಂಗರಾಜು ಎರಡು ಸಲ ಸೀನಿದ. ರಜೆ ಕೊಟ್ಟು ಕಳಿಸಿದೆ. "ಸೀನಿಗೂ ಸಂಬಳ ಕೊಡೋರು ನೀವೊಬ್ರೇ ಅಣ್ಣ" ಎಂದು ಖುಷಿಯಾಗಿಯೇ ಹೋದ. ಮಷಿನ್ ನಾನೇ ಓಡಿಸಿದೆ. ಕೌಂಟರಿಗೆ ಬಂದ ಗಿರಾಕಿಗಳು ಪ್ರೂಫ್ ತೋರಿಸಲು ಮೂಗಿಗೆ ಮೂಗು ತಾಗುವಷ್ಟು ಬಾಗುತ್ತಾರೆ. ಅವರ ಮೂಗನ್ನೇ ನೋಡುತ್ತಿದ್ದ ನನಗೆ ಅಕ್ಷರ ದೋಷ ಯಾವುದೂ ಕಣ್ಣಿಗೆ ಬೀಳಲಿಲ್ಲ.

ನವೆಂಬರ್ 25, ಮಂಗಳವಾರ

ಮಾಲಾಳ ಹತ್ತಿರ ಜಗಳ. ತರಕಾರಿ ತಂದವಳು ಕೈ ತೊಳೆಯುವ ಮೊದಲೇ ನನ್ನ ಲೋಟ ಮುಟ್ಟಿದಳೆಂದು ಕೂಗಾಡಿದೆ. "ರೀ, ನಿಮಗೆ ಜ್ವರ ಬರೋದಕ್ಕೆ ಮುಂಚೆ ನನಗೆ ಹುಚ್ಚು ಹಿಡೀತೈತೆ" ಅಂದಳು.

ಭಯಕ್ಕೆ ಒಂದು ಸದ್ದಿದೆ. ಹಬೆಯಾಡುವ ಪಾತ್ರೆಯ ಮುಚ್ಚಳದ ಹಾಗೆ, ಸಣ್ಣಗೆ, ನಿಲ್ಲದೆ. ಮದುವೆಗೆ ಹೋಗದಿದ್ದರೆ ಅಕ್ಕ ಸಾಯುವವರೆಗೆ ಮಾತಾಡುವುದಿಲ್ಲ. ಹೋದರೆ ಮಾತಾಡಿಸಲು ನಾನು ಇರುತ್ತೇನೋ ಇಲ್ಲವೋ.

ನವೆಂಬರ್ 29, ಶನಿವಾರ

ಮನೆಗೆ, ಚಳ್ಳಕೆರೆಗೆ, ವಾಪಸ್ ಬಂದಿದ್ದೇನೆ. ಒಬ್ಬನೇ. ಅಕ್ಷರ ಹೇಗಿದ್ದರೂ ಬರೆದಿಡುತ್ತೇನೆ.

ಇವತ್ತು ಅಕ್ಕನ ಮನೆಯಲ್ಲಿ ಅರಿಶಿಣ ಶಾಸ್ತ್ರ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಹೋಗಿದ್ದೆ. ಶಾಸ್ತ್ರ ಮುಗಿಯದೆ ಎಲೆ ಹಾಕುವುದಿಲ್ಲ ಎಂದು ಊಟ ಮುಂದಕ್ಕೆ ಹೋಗುತ್ತಲೇ ಇತ್ತು. ಮಾಸ್ಕ್ ತೆಗೆಯದೆ ಒಂದು ಮೂಲೆ ಹಿಡಿದು ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮೈ ಬೆವೆತು ನಡುಕ ಬಂತು. ಇದು ನನಗೆ ಗೊತ್ತಿರುವ ನಡುಕ. ಊಟ ತಡವಾದಾಗ ಸಕ್ಕರೆ ಇಳಿದರೆ ಹೀಗೇ ಆಗುತ್ತದೆ. ಸಕ್ಕರೆ ನೋಡುವ ಮೀಟರು ಓಮ್ನಿಯಲ್ಲಿತ್ತು. ಗೊತ್ತಿರುವ ಕಾಯಿಲೆಗೆ ಮೀಟರು ಯಾಕೆ ಎಂದು ನೇರವಾಗಿ ಅವ್ವನ ಕೋಣೆಗೆ ಹೋದೆ.

"ಅವ್ವ, ಒಂದು ಚೂರು ಬೆಲ್ಲ ಕೊಡು. ಸಕ್ಕರೆ ಇಳಿದೈತೆ."

ಅವ್ವ ಅಚ್ಚಿನಿಂದ ಮುರಿದು ತಂದಳು. ಮಾಸ್ಕ್ ತೆಗೆದೆ. ಇಷ್ಟು ದಿನ ಯಾರ ಎದುರೂ ತೆಗೆಯದವನು ಅವಳ ಎದುರು ತೆಗೆದೆ. ಅವಳಿಗೆ ಕೆಮ್ಮಿರಲಿಲ್ಲ, ಅದೊಂದೇ ಲೆಕ್ಕ ನನ್ನ ತಲೆಯಲ್ಲಿದ್ದದ್ದು. ತಾನೇ ನನ್ನ ಬಾಯಿಗೆ ಇಟ್ಟಳು. ಅರ್ಧ ಕಚ್ಚಿದೆ. ಉಳಿದ ಅರ್ಧವನ್ನು, ಯಾರೂ ನೋಡುತ್ತಿಲ್ಲ ತಾನೇ ಎಂದು ಬಾಗಿಲ ಕಡೆ ಒಮ್ಮೆ ನೋಡಿ, ತನ್ನ ಬಾಯಿಗೆ ಹಾಕಿಕೊಂಡಳು. "ನಿಮ್ಮಕ್ಕನಿಗೆ ಹೇಳ್ಬೇಡ" ಅಂದಳು. ನಾವಿಬ್ಬರೂ ಕಳ್ಳರ ಹಾಗೆ ನಕ್ಕೆವು. ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಹಣೆ ನೀವುತ್ತಾ, "ಎಷ್ಟು ಬಿಸಿ ಐತಲ್ಲೋ, ಬಿಸಿಲಿಗೆ ಬಂದೆಯಾ?" ಅಂದಳು. ಹೂಂ ಅಂದೆ.

ದೀಪ ಹಚ್ಚುವ ಹೊತ್ತಿಗೂ ನಡುಕ ನಿಲ್ಲದಿದ್ದಾಗ ಓಮ್ನಿಗೆ ಹೋಗಿ ಬೆರಳು ಚುಚ್ಚಿ ನೋಡಿದೆ. ಸಕ್ಕರೆ ಇಳಿದಿರಲಿಲ್ಲ. ಮುನ್ನೂರ ಅರವತ್ತರ ಮೇಲಿತ್ತು. ಥರ್ಮಾಮೀಟರಿನಲ್ಲಿ ಜ್ವರ ನೂರಾ ಎರಡು.

ಇಷ್ಟು ದಿನ ಯಾವ ಕಳ್ಳ ಬಂದಾನೆಂದು ಕಾವಲು ಕಾದಿದ್ದೆನೋ, ಆ ಕಳ್ಳ ನಾನೇ. ಎಲ್ಲಿಂದ ಹತ್ತಿಸಿಕೊಂಡೆನೋ, ಪ್ರೆಸ್ಸಿನ ಕೌಂಟರಿನಲ್ಲೋ, ಇನ್ನೆಲ್ಲೋ. ತಂದು ಅವ್ವನ ಬಾಯಿಗೆ ಇಟ್ಟೆ.

ಅಕ್ಕನನ್ನು ಹಿತ್ತಿಲಿಗೆ ಕರೆದು, ದೂರ ನಿಂತು ಹೇಳಿದೆ. ನನಗೆ ಜ್ವರ, ನಾನು ನಾಳೆ ನಿಲ್ಲುವುದಿಲ್ಲ, ಅವ್ವನನ್ನು ಜನರ ಮಧ್ಯೆ ಕೂರಿಸಬೇಡ.

"ಅಂತೂ ದಾರಿ ಹುಡುಕ್ದೆ."

"ದಾರಿ ಅಲ್ಲಕ್ಕ, ಜ್ವರ."

"ಚಮಚ ಅಂದೆ, ಬೇರೆ ತಟ್ಟೆ ಅಂದೆ, ಮೂಗಿಗೆ ಬಟ್ಟೆ ಕಟ್ಕೊಂಡು ಮೂಲೇಲಿ ಕೂತೆ. ನಾನು ಒಪ್ಪಲಿಲ್ಲ. ಈಗ ಜ್ವರ. ಎಲ್ಲಿ, ಹಣೆ ತೋರ್ಸು."

ಅವಳು ಕೈ ಚಾಚಿ ಮುಂದೆ ಬಂದಳು. ನಾನು ಹಿಂದಕ್ಕೆ ಸರಿದೆ. "ಮುಟ್ಬೇಡ ಅಕ್ಕ, ನಿನಗೂ ಬರ್ತೈತೆ."

"ಮುಟ್ಟೋಕೂ ಬಿಡಲ್ಲ. ಇನ್ನು ಹೆಂಗಪ್ಪ ನಂಬ್ಲಿ?" ಅವಳ ಕಣ್ಣು ತುಂಬಿತು. "ಬಂದಿದ್ರೂ ಒಂದು ಮಾತ್ರೆ ನುಂಗಿ ಕೂತ್ಕೋ. ಎಲ್ಲರೂ ಹಂಗೇ ಮಾಡೋದು. ತವರಿನ ಗಂಡಸು ಅಂತ ನನಗೆ ನೀನು ಬಿಟ್ರೆ ಯಾರಿದ್ದಾರೆ? ನಿನ್ನ ಜಾಗ ಖಾಲಿ ಇದ್ರೆ ಆ ಹರಿವಾಣದ ಮುಂದೆ ನಾನು ಏನಂತ ನಿಲ್ಲಲಿ?"

ಅವಳ ಜಾಗದಲ್ಲಿ ನಿಂತು ನೋಡಿದರೆ ನಾನೂ ನನ್ನನ್ನು ನಂಬುತ್ತಿರಲಿಲ್ಲ. ಮಾಲಾಳಿಗೆ ಮಾಸ್ಕ್ ತೆಗೆಯಬೇಡ ಎಂದು ಹೇಳಿ, ಅವಳನ್ನು ಅಲ್ಲೇ ಬಿಟ್ಟು ಓಮ್ನಿ ಹತ್ತಿದೆ. ಡಾಕ್ಟರು ಫೋನಿನಲ್ಲೇ ಮಾತ್ರೆ ಹೇಳಿದರು: ಇನ್ಸುಲಿನ್ ಬಿಡಬೇಡಿ, ನೀರು ಕುಡಿಯುತ್ತಿರಿ, ಸಕ್ಕರೆ ನೋಡಿಕೊಳ್ಳುತ್ತಿರಿ.

ನವೆಂಬರ್ 30, ಭಾನುವಾರ

ಬೆಳಿಗ್ಗೆ ಭಾವನಿಗೆ ಫೋನು ಮಾಡಿದೆ. ಅವ್ವನನ್ನು ಒಳಗೆ ಕೂರಿಸಿ, ಯಾರ ಜೊತೆಗೂ ಉಣ್ಣಲು ಬಿಡಬೇಡಿ ಅಂದೆ. "ಏಂ ಕಾದ್ಲೇ ಓಂಕಾರ. ನೀನು ಮಲ್ಕೋ" ಅಂದರು. ಹಿಂದೆ ವಾಲಗ.

ಮಾಲಾ ಧಾರೆಯನ್ನು ಫೋನಿನಲ್ಲಿ ತೋರಿಸಿದಳು. ದೀಪಿಕಾ ಎರಡು ಸಲ ಆಚೀಚೆ ನೋಡಿದಳು. ನನ್ನನ್ನು ಹುಡುಕಿದಳು ಅಂತ ನಾನೇ ಅಂದುಕೊಂಡಿರಬಹುದು.

ಆಮೇಲೆ ಭೂಮ. ಹರಿವಾಣ ಬಂತು, ಎಲ್ಲರೂ ಕೂತರು. ಒಂದು ಜಾಗ ಖಾಲಿ. ಬೀಗರಲ್ಲಿ ಯಾರೋ ಏನೋ ಕೇಳಿದರು, ಅಕ್ಕನ ಮುಖ ಕೆಳಗಾಯಿತು. ಆಗ ಅವ್ವ ಗೋಡೆ ಹಿಡಿದು ಎದ್ದು ಬಂದು, ಸೆರಗು ಸರಿಮಾಡಿಕೊಂಡು ನನ್ನ ಜಾಗದಲ್ಲಿ ಕೂತಳು. ಮಗನ ಬದಲು ತಾಯಿ. ಎಲ್ಲರೂ ಸಂತೋಷದಿಂದ ಚಪ್ಪಾಳೆ ತಟ್ಟಿದರು.

"ಮಾಲಾ, ಬೇಡ ಅನ್ನು. ಎಬ್ಬಿಸು" ಎಂದು ಕೂಗಿದೆ. ವಾಲಗದಲ್ಲಿ ಅವಳಿಗೆ ಕೇಳಿಸಲಿಲ್ಲ. ಅವ್ವ ಮೊದಲ ತುತ್ತು ತೆಗೆದು ಮೊಮ್ಮಗಳ ಬಾಯಿಗಿಟ್ಟಳು. ಆಮೇಲೆ ಎಲ್ಲ ಕೈಗಳೂ ಒಟ್ಟಿಗೆ ಇಳಿದವು. ನಾನು ಫೋನನ್ನು ಬೋರಲು ಹಾಕಿದೆ.

ಡಿಸೆಂಬರ್ 1, ಸೋಮವಾರ

ನನಗೆ ಜ್ವರ ಇಳಿಯುತ್ತಿದೆ. ಅವ್ವ ಫೋನಿನಲ್ಲಿ ಚೆನ್ನಾಗಿ ಮಾತಾಡಿದಳು. ಕೆಮ್ಮು ಕೇಳಿಸಲಿಲ್ಲ. ಮತ್ತೆ ಮಾಡಿದೆ. ಮತ್ತೆ ಮಾಡಿದೆ. "ಮದುವೆ ಆಗಿರೋದು ದೀಪಿಕಾಂದು ಕಣೋ, ನನ್ನದಲ್ಲ. ಎಷ್ಟು ಸಲ ವಿಚಾರಿಸ್ತೀಯಾ?" ಅಂದಳು.

ಡಿಸೆಂಬರ್ 2, ಮಂಗಳವಾರ

ಬೆಳಕು ಹರಿಯುವ ಮೊದಲೇ ಅಕ್ಕನ ಫೋನು. ಶನಿವಾರದಿಂದ ಈಚೆಗೆ ಮೊದಲ ಸಲ.

"ಓಂಕಾರ, ಅವ್ವನ ಮೈ ಸುಡ್ತೈತೆ. ಏನೇನೋ ಮಾತಾಡ್ತವ್ಳೆ. ನಿನ್ನ ಭಾವ ಏಂ ಕಾದು ಅಂತಾರೆ. ನೀನು ಹೇಳು, ಏನ್ ಮಾಡ್ಲಿ?"

ಹೇಳಿದೆ. ಸಕ್ಕರೆ ನೋಡು. ಉಣ್ಣಲಿಲ್ಲ ಎಂದು ಸಕ್ಕರೆ ಮಾತ್ರೆಯನ್ನು ನೀನೇ ನಿಲ್ಲಿಸಬೇಡ, ಡಾಕ್ಟರನ್ನು ಕೇಳು. ಚೂರು ಚೂರು ನೀರು ಕುಡಿಸು. ಕಿಟಕಿ ತೆಗಿ. ನೀನು ಮೂಗು ಬಾಯಿ ಮುಚ್ಚಿಕೋ. ಪಕ್ಕದ ಹಾನಗಲ್ ಹಳ್ಳಿ ದಾಟಿ ನೇರ ಚಳ್ಳಕೆರೆಗೆ ಕರೆದುಕೊಂಡು ಬಾ, ಎಲ್ಲೂ ನಿಲ್ಲಿಸಬೇಡ. ಅವಳು ಎಲ್ಲದಕ್ಕೂ ಹೂಂ, ಹೂಂ ಅನ್ನುತ್ತಿದ್ದಳು, ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ.

"ನಿಂಗೆ ನಿಜವಾಗ್ಲೂ ಜ್ವರ ಇತ್ತಾ?" ಕೊನೆಗೆ ಕೇಳಿದಳು.

"ಇತ್ತಕ್ಕ."

"ಈಗ್ಲೇ ಹೊರಡ್ತೀವಿ" ಎಂದು ಫೋನಿಟ್ಟಳು.

ಡಿಸೆಂಬರ್ 3, ಬುಧವಾರ

ಅವ್ವನನ್ನು ಇಲ್ಲಿನ ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಹಾಕಿದ್ದಾರೆ. ಎದೆಯಲ್ಲಿ ಕಫ ಕಟ್ಟಿದೆ, ಸಕ್ಕರೆ ನಾನೂರರ ಹತ್ತಿರ. ನನಗೆ ಜ್ವರ ಬಿಟ್ಟು ಒಂದು ದಿನವಾಗಿದೆ ಎಂದು ಡಾಕ್ಟರು ಮಾಸ್ಕ್ ಹಾಕಿಸಿ ಒಳಗೆ ಬಿಟ್ಟರು. ಅವ್ವನ ಬಾಯಿ ಪ್ಲಾಸ್ಟಿಕ್ಕಿನೊಳಗೆ ತೆರೆದುಕೊಂಡಿದೆ. ಇದೇ ಬಾಯಿಗೆ ಬೆಲ್ಲ.

ಡಾಕ್ಟರು ಯಾರ ಮುಖವನ್ನೂ ನೋಡದೆ, "ಎರಡು ದಿನ ನೋಡೋಣ" ಅಂದರು. ಅಕ್ಕ ಮಂಚದ ಪಕ್ಕದಿಂದ ಏಳುತ್ತಿಲ್ಲ. ಮಾಸ್ಕ್ ಕೆಳಗಿಳಿದಾಗಲೆಲ್ಲ ಸರಿಮಾಡಿಕೋ ಅನ್ನುತ್ತೇನೆ. ಮಾಡಿಕೊಳ್ಳುತ್ತಾಳೆ, ಮತ್ತೆ ಅಳುತ್ತಾಳೆ, ಮತ್ತೆ ಇಳಿಯುತ್ತದೆ.

ಡಿಸೆಂಬರ್ 4, ಗುರುವಾರ

ಹಾಗೇ ಇದ್ದಾಳೆ.

ಮಾಲಾ ಸಂಜೆ, "ನೀವು ಇವತ್ತು ನಿಮ್ಮ ಇನ್ಸುಲಿನ್ ತಗೊಂಡ್ರಾ?" ಅಂದಳು. ತೆಗೆದುಕೊಂಡಿರಲಿಲ್ಲ.

ಡಿಸೆಂಬರ್ 6, ಶನಿವಾರ

ನಿನ್ನೆ ಸಂಜೆ ಆಕ್ಸಿಜನ್ ಕಡಿಮೆ ಮಾಡಿದರು. ಅಕ್ಕನನ್ನು ಬಲವಂತವಾಗಿ ನಮ್ಮ ಮನೆಗೆ ಮಲಗಲು ಕಳಿಸಿದೆ. ಇವತ್ತು ಬೆಳಿಗ್ಗೆ ಅವ್ವ ಕಣ್ಣು ಬಿಟ್ಟು ಕಾಫಿ ಕೇಳಿದಳು. ಸಕ್ಕರೆ ಹಾಕಿ ಅಂತಲೂ ಕೇಳಿದಳು. ಡಾಕ್ಟರು ಮೊದಲ ಸಲ ನನ್ನ ಮುಖ ನೋಡಿ ನಕ್ಕರು. ಇನ್ನೂ ನಾಲ್ಕು ದಿನ ಇಲ್ಲೇ ಇರಲಿ, ಆದರೆ ಗಂಡಾಂತರ ಕಳೆಯಿತು.

ನರ್ಸ್ ಆಚೆ ಹೋದ ಮೇಲೆ ಅವ್ವ ಕೇಳಿದಳು: "ಯಾರಿಂದ ಬಂತೋ ನನಗೆ ಇದು?"

"ನನ್ನಿಂದ ಅವ್ವ."

"ಸದ್ಯ. ಬೀಗ್ರಿಂದ ಅಂದಿದ್ರೆ ನಿಮ್ಮಕ್ಕ ಬಿಡ್ತಿರ್ಲಿಲ್ಲ" ಎಂದು ಕಣ್ಣು ಮುಚ್ಚಿದಳು.

ನಾನು ಕಾರಿಡಾರಿಗೆ ಬಂದು ಗೋಡೆಗೆ ಒರಗಿ ನಿಂತೆ. ಆಗ ಅಕ್ಕ ಊಟದ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ವಾರ್ಡಿನ ಬಾಗಿಲಿಗೆ ಬಂದವಳು ಒಳಗೆ ಕಾಲಿಡಲಿಲ್ಲ. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹಿಂದಕ್ಕೆ ಸರಿದಳು. ಮಾಸ್ಕ್ ಕಣ್ಣಿನ ಕೆಳಗಿನವರೆಗೂ ಏರಿತ್ತು.

"ನಾನು ಒಳಗೆ ಬರಲ್ಲ ಓಂಕಾರ. ಬೆಳಿಗ್ಗೆಯಿಂದ ಗಂಟಲು ಕೆರೀತೈತೆ. ಮೈ ಚಳಿ."

ಅವ್ವ ಒಳಗಿನಿಂದಲೇ ಕೈ ಎತ್ತಿದಳು. ಅಕ್ಕನೂ ಎತ್ತಿದಳು. ನಾನು ಅವಳನ್ನು ಕೆಳಗೆ ಕರೆದುಕೊಂಡು ಹೋಗಿ ಚೀಟಿ ಮಾಡಿಸಲು ನಿಂತೆ. ಅಕ್ಕ ನನ್ನ ಹಿಂದೆ ದೂರದಲ್ಲಿ ಕೂತಳು. ನರ್ಸ್ ಹೆಸರು, ವಯಸ್ಸು ಕೇಳಿದಳು, ಹೇಳಿದೆ.

"ಶುಗರ್ ಇದೆಯಾ?"

"ಇಲ್ಲ" ಅಂದೆ.

"ಐತೆ ಅಂತ ಬರೀರಮ್ಮ" ಎಂದು ಹಿಂದಿನಿಂದ ಅಕ್ಕನ ದನಿ. "ಎರಡು ವರ್ಷ ಆಯ್ತು."

ನಾನು ತಿರುಗಿದೆ. ಅವಳು ನನ್ನನ್ನು ನೋಡದೆ ಸೆರಗಿನ ತುದಿ ನೋಡುತ್ತಿದ್ದಳು. "ನಿಮ್ಮ ಭಾವನಿಗೂ ಹೇಳಿಲ್ಲ. ಸಂಬಂಧ ನೋಡ್ತಿದ್ವಿ. ತಮ್ಮ, ತಾಯಿ, ಮೇಲೆ ನಾನೂ ಅಂದ್ರೆ ಹುಡುಗೀನ ಯಾರು ಕೇಳ್ತಾರೆ?"

"ಮಾತ್ರೆ ತಗೋತಿದ್ದೀಯಾ?"

"ಮನೆ ತುಂಬ ನೆಂಟರು. ಯಾರಾದ್ರೂ ನೋಡ್ತಾರೆ ಅಂತ ಹದಿನೈದು ದಿನದಿಂದ ಬಿಟ್ಟಿದ್ದೆ."

ಆ ಹರಿವಾಣದ ಅನ್ನ ಅವಳೂ ಉಂಡಿದ್ದಾಳೆ. ಅವ್ವನ ಎದೆಗೆ ತಲೆಯಿಟ್ಟು ನಾಲ್ಕು ದಿನ ಅತ್ತಿದ್ದಾಳೆ. ನರ್ಸ್ ಇನ್ನೊಬ್ಬರ ಜೊತೆ ಮಾತಾಡುತ್ತಿದ್ದಳು. ನನ್ನ ಮೀಟರು ಜೇಬಿನಲ್ಲೇ ಇತ್ತು. ಹೊಸ ಸೂಜಿ ಹಾಕಿ, ಅವಳ ಪಕ್ಕದಲ್ಲಿ ಕೂತೆ.

"ಬೆರಳು ಕೊಡಕ್ಕ."

"ಹತ್ರ ಬರ್ಬೇಡ, ನಿಂಗೆ..."

"ಕೊಡು."

ಕೊಟ್ಟಳು. ಬೆರಳು ಸುಡುತ್ತಿತ್ತು.